ಹಾರ್ನೆಸ್ಸಿಗೆ ಹಚ್ಚಿದ ಕುಂಕುಮ

ಗುರುವಾರ ಮಾಡಿದ ಕೆಲಸಗಳು ಹೀಗಿವೆ. ಬೆಳಿಗ್ಗೆ ನಾಲ್ಕೂ ಮುಕ್ಕಾಲಿಗೆ ಎದ್ದೆ. ಚಹಾಕ್ಕಿಟ್ಟೆ. ಐದು ಜೋಳದ ರೊಟ್ಟಿ ಬಡಿದೆ. (ಒಂದು ಹರಿಯಿತು, ಅದನ್ನು ನಿಂತಲ್ಲೇ ತಿಂದೆ.) ಡಬ್ಬಿಗೆ ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ತುಂಬಿದೆ. ಹಸಿರು ಕಸದ ಬಿನ್ ರಸ್ತೆಗೆ ಎಳೆದೆ. ಪಕ್ಕದ ಮನೆಯವರು ನೀಲಿ ಬಿನ್ ಇಟ್ಟದ್ದು ಕಂಡು, ಈ ವಾರ ನೀಲಿಯ ಸರದಿ ಎಂದು ಹೊಳೆದು ವಾಪಸ್ ತಂದೆ. ಇಡ್ಲಿಗೆ ಉದ್ದು ನೆನೆಸಿದೆ. ಮಗಳ ಆಟದ ಪೀರಿಯಡ್ಡಿನ ಬಟ್ಟೆ ಕೋಣೆ ಬಿಸಿ ಮಾಡುವ ರೇಡಿಯೇಟರ್ ಮೇಲೆ ಒಣಗಿದೆಯೇ ನೋಡಿದೆ, ಒಣಗಿರಲಿಲ್ಲ, ಹೇರ್ ಡ್ರೈಯರ್ ಹಿಡಿದೆ. ಬಸ್ಸಿನಲ್ಲಿ ಕುಳಿತು ಜಿಪಿ ಡಾಕ್ಟರಿಗೆ ಫೋನ್ ಮಾಡಿದೆ, ಸರದಿಯಲ್ಲಿ ಹದಿನೇಳನೆಯವನು ಎಂದಿತು. ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಪಾಸ್ತಾ ಬೇಯಿಸಿದೆ. ಮಧ್ಯಾಹ್ನ ಮೂರಕ್ಕೆ ಕಾಲುವೆಯ ಸೇತುವೆ ಮೇಲೆ ನಿಂತು ಕತ್ತು ನೋಯುವವರೆಗೆ ಆಕಾಶ ನೋಡಿದೆ.

ಕೊನೆಯದನ್ನು ಕೆಲಸ ಅನ್ನಬಹುದೇ? ಅದನ್ನು ಹೇಳಬೇಕೆಂದೇ ಈ ವಾರ ಬರೆಯಲು ಕುಳಿತಿದ್ದೇನೆ.

ಈ ಅಂಕಣವನ್ನು ಬಿಡದೆ ಓದುವವರಿಗೆ ನನ್ನ ಹೆಂಡತಿ ರೇಣುಕಾ ಗೊತ್ತು. ಹೊಸಬರಿಗಾಗಿ ಇನ್ನೊಮ್ಮೆ: ಊರು ಹುಬ್ಬಳ್ಳಿ. ವಯಸ್ಸು ನಲವತ್ತೊಂದು. ಎಂಟು ತಿಂಗಳಿಂದ ಉಕ್ಕಿನ ಕಟ್ಟಡ ನಿಲ್ಲಿಸುವ ಕೆಲಸದಲ್ಲಿ ಅಪ್ರೆಂಟಿಸ್.

ಹೌದು, ಸರಿಯಾಗಿಯೇ ಓದಿದಿರಿ. ದೊಡ್ಡ ಕಟ್ಟಡಗಳಿಗೆ ಗೋಡೆ ಬರುವ ಮೊದಲು ಒಂದು ಅಸ್ಥಿಪಂಜರ ಏಳುತ್ತದಲ್ಲ, ಬರೀ ಕಂಬ, ಬರೀ ತೊಲೆ? ಕ್ರೇನು ಆ ತೊಲೆಯನ್ನು ಮೇಲಕ್ಕೆತ್ತಿ ತರುತ್ತದೆ. ಮೇಲೆ ಕಾದಿರುವವರು ಅದನ್ನು ಹಿಡಿದು, ತೂತಿಗೆ ತೂತು ಕೂಡಿಸಿ, ಬೋಲ್ಟ್ ಬಿಗಿಯುತ್ತಾರೆ. ಆ ಕೆಲಸ. ಅದನ್ನು ನನ್ನ ಹೆಂಡತಿ ಕಲಿಯುತ್ತಿದ್ದಾಳೆ.

ನಮ್ಮ ಕನ್ನಡ ಬಳಗದ ಕೂಟದಲ್ಲಿ ಇದನ್ನು ಹೇಳುವುದು ಸುಲಭವಲ್ಲ. "ರೇಣುಕಾ ಕಾಣಿಸ್ತಿಲ್ವಲ್ಲ?" ಎಂದು ಬೆಂಗಳೂರಿನ ಗೆಳೆಯರೊಬ್ಬರು ಕೇಳಿದರು. "ಸೈಟ್‌ನಲ್ಲಿದ್ದಾಳೆ" ಎಂದೆ. ಅವರ ಮುಖ ಅರಳಿತು. "ಓಹೋ! ಎಲ್ಲಿ ತಗೊಂಡ್ರಿ? ಥರ್ಟಿ ಫಾರ್ಟಿನಾ?"

ಕಥೆ ಶುರುವಾದದ್ದು ಇಲ್ಲೇ, ಲಂಡನ್ನಿನ ಅಂಚಿನ ಹೇಸ್‌ನಲ್ಲಿ. ರೇಣುಕಾ ಒಂಬತ್ತು ವರ್ಷ ಒಂದು ಗೋದಾಮಿನಲ್ಲಿ ಕೆಲಸ ಮಾಡಿದಳು. ಪೆಟ್ಟಿಗೆ ಎತ್ತುವುದು, ಸ್ಕ್ಯಾನ್ ಮಾಡುವುದು, ಪೆಟ್ಟಿಗೆ ಇಡುವುದು. ಕಳೆದ ವರ್ಷ ಎದುರಿನ ಖಾಲಿ ಜಾಗದಲ್ಲಿ ಇನ್ನೊಂದು ಗೋದಾಮು ಏಳತೊಡಗಿತು. ಅವಳು ಬ್ರೇಕಿನಲ್ಲಿ ಚಹಾ ಹಿಡಿದು ಬೇಲಿಯ ಬಳಿ ನಿಲ್ಲುತ್ತಿದ್ದಳು. ಮನೆಗೆ ಬಂದು ವರದಿ ಒಪ್ಪಿಸುತ್ತಿದ್ದಳು. "ಇವತ್ತ ಎರಡನೇ ಸಾಲಿನ ಕಂಬ ನಿಂತ್ವು ನೋಡ್ರಿ." "ಇವತ್ತ ಗಾಳಿ ಅಂತ ಕ್ರೇನ್ ಹಚ್ಚಲಿಲ್ಲ." ಟೀವಿ ಸೀರಿಯಲ್ಲಿನ ಹಾಗೆ ದಿನಾ ಒಂದು ಕಂತು.

ಇದು ಅವಳಿಗೆ ಹೊಸ ಹುಚ್ಚಲ್ಲ. ಅವಳ ಅಪ್ಪನದು ಹುಬ್ಬಳ್ಳಿಯಲ್ಲಿ ಗ್ರಿಲ್ಲು, ಗೇಟು ಮಾಡುವ ಅಂಗಡಿ. ಶಾಲೆ ಬಿಟ್ಟ ಮೇಲೆ ಅಲ್ಲೇ ಕುಳಿತು ಮನೆಪಾಠ ಬರೆಯುತ್ತಿದ್ದಳು. ತಮ್ಮನ ಕೈಗೆ ಹತ್ತನೇ ವಯಸ್ಸಿಗೇ ಸುತ್ತಿಗೆ ಬಂತು. ಇವಳ ಕೈಗೆ ಕಸಬರಿಗೆ ಬಂತು. ಇದನ್ನು ಅವಳು ದೂರಿನ ಹಾಗೆ ಹೇಳುವುದಿಲ್ಲ, ಹವಾಮಾನ ವರದಿಯ ಹಾಗೆ ಹೇಳುತ್ತಾಳೆ.

ಗೋದಾಮಿನ ಯೂನಿಯನ್ ಪ್ರತಿನಿಧಿ ಒಬ್ಬಾಕೆ ಇವಳನ್ನು ಬೇಲಿಯ ಬಳಿ ದಿನಾ ನೋಡಿ ನೋಡಿ ಒಂದು ದಿನ ಕೇಳಿದಳಂತೆ, "ಬರೀ ನೋಡ್ತೀಯೋ, ಕಲೀತೀಯೋ?" ಯೂನಿಯನ್ ಮೂಲಕ ಅಪ್ರೆಂಟಿಸ್‌ಶಿಪ್ ಇದೆ, ಮೊದಲ ದಿನದಿಂದಲೇ ಸಂಬಳ, ನಡುನಡುವೆ ಕಾಲೇಜು, ವಯಸ್ಸಿನ ಮಿತಿ ಇಲ್ಲ ಎಂದು ಕಾಗದ ತಂದುಕೊಟ್ಟಳು. ರೇಣುಕಾ ಆ ಕಾಗದವನ್ನು ಫ್ರಿಜ್ಜಿಗೆ ಅಂಟಿಸಿದಳು. ಹದಿನೈದು ದಿನ ಅದು ಅಲ್ಲೇ ಇತ್ತು. ನಾನು ಹಾಲು ತೆಗೆಯುವಾಗಲೆಲ್ಲ ಓದಿದೆ. ಬಾಗಿಲು ಮುಚ್ಚಿದೆ.

ಹದಿನಾರನೇ ದಿನ ಅವಳೇ ಕೇಳಿದಳು. "ಏನಂತೀರಿ?"

"ನಿನಗೆ ಹೌದು ಅನ್ನಿಸಿದ್ರೆ ಸೈ ಮಾರಾಯ್ತಿ" ಎಂದೆ.

ನೋಡಿ, ಎಷ್ಟು ದೊಡ್ಡ ಮನಸ್ಸಿನ ಗಂಡ! ಆದರೆ ಇದು ಉತ್ತರವೇ? ಆಗ ನನಗೆ ಉತ್ತರ ಎಂದೇ ಅನ್ನಿಸಿತ್ತು.

ಅಲ್ಲಿಂದ ಮನೆಯ ಕೆಲಸ ತಿರುವುಮುರುವಾಯಿತು. ನಾನು ಮೊದಲು ಕ್ವೀನ್ಸ್‌ಬರಿಯ ಒಂದು ಹೋಟೆಲಿನಲ್ಲಿ ದೋಸೆ ಕಲ್ಲಿನ ಮುಂದೆ ನಿಂತವನು. ಮೊಣಕಾಲು ಮುಷ್ಕರ ಹೂಡಿದ ಮೇಲೆ ಶಾಲೆಯ ಅಡುಗೆಮನೆ ಸೇರಿದೆ, ಎರಡೂವರೆಗೆ ಬಿಡುವು. ಹಾಗಾಗಿ ಬುತ್ತಿ, ಬಟ್ಟೆ, ಬಿನ್ನು, ಮಗಳ ಪೇರೆಂಟ್ಸ್ ಈವ್ನಿಂಗು ಎಲ್ಲ ನನ್ನ ಪಾಲಿಗೆ ಬಂದವು. ಕುಂದಾಪುರದವನೊಬ್ಬ ಜೋಳದ ರೊಟ್ಟಿ ಬಡಿಯಲು ಕಲಿತ. (ನನ್ನ ಅಪ್ರೆಂಟಿಸ್‌ಶಿಪ್ಪಿಗೆ ಸಂಬಳ ಇರಲಿಲ್ಲ. ಯೂನಿಯನ್ನೂ ಇರಲಿಲ್ಲ.)

ಅವಳು ಮೊದಲ ಎಂಟು ತಿಂಗಳು ನೆಲದ ಮೇಲೇ ಇದ್ದಳು. ಬೋಲ್ಟುಗಳನ್ನು ಅಳತೆ ನೋಡಿ ವಿಂಗಡಿಸುವುದು, ತೊಲೆಗೆ ಸರಪಳಿ ಬಿಗಿಯುವುದು, ಕ್ರೇನಿನವನಿಗೆ ಕೈಸನ್ನೆ ಮಾಡುವುದು. ಸಂಜೆ ಸೋಫಾದ ಮೇಲೆ ಕುಳಿತು ಆ ಕೈಸನ್ನೆಗಳನ್ನು ಅಭ್ಯಾಸ ಮಾಡುತ್ತಿದ್ದಳು. ಮಗಳು ಅನಘಾಳಿಗೆ ಹದಿನಾಲ್ಕು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳು ರಿಮೋಟನ್ನು ದಾರಕ್ಕೆ ಕಟ್ಟಿ ತೊಲೆಯ ಹಾಗೆ ಮೇಲೆ ಕೆಳಗೆ ಮಾಡುತ್ತಿದ್ದಳು. "ಲೋಡ್ ಈಸ್ ಸ್ವಿಂಗಿಂಗ್, ಮಮ್!"

ಅಪ್ರೆಂಟಿಸ್‌ಗಳಿಗೆ ಒಂದು ಪುಸ್ತಕ ಕೊಟ್ಟಿರುತ್ತಾರೆ. ಕಲಿತ ಒಂದೊಂದು ಕೆಲಸಕ್ಕೂ ಒಂದೊಂದು ಖಾನೆ. ಸರಿಯಾಗಿ ಮಾಡಿದರೆ ಮೇಸ್ತ್ರಿ ಸಹಿ ಹಾಕುತ್ತಾನೆ. ಇವಳ ಮೇಸ್ತ್ರಿಯ ಹೆಸರು ಡೆಕ್ಲನ್, ಐರ್ಲೆಂಡಿನವನು, ಅರವತ್ತರ ಹತ್ತಿರ. ಸಹಿ ಹಾಕುವುದರಲ್ಲಿ ಮಹಾ ಜಿಪುಣ. ಅವಳ ಪುಸ್ತಕದಲ್ಲಿ 'ಎತ್ತರದಲ್ಲಿ ಕೆಲಸ' ಎಂಬ ಪುಟ ಪೂರ್ತಿ ಖಾಲಿ ಇತ್ತು. ಕಾಲುವೆಯ ಪಕ್ಕದ ಈಗಿನ ಕಟ್ಟಡದ ಚೌಕಟ್ಟು ಇನ್ನು ಎರಡು ವಾರದಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ಮೇಲೆ ಹೋಗದಿದ್ದರೆ ಮತ್ತೆ ಅವಕಾಶ ಸಿಗುವುದು ವಸಂತದಲ್ಲಿ. ಚಳಿಗಾಲ ಪೂರ್ತಿ ಬೋಲ್ಟ್ ವಿಂಗಡಿಸಬೇಕು.

ಕಳೆದ ಶುಕ್ರವಾರ ಡೆಕ್ಲನ್ ಹೇಳಿದನಂತೆ, "ಸೋಮವಾರ, ರೆನ್. ಹವಾಮಾನ ಸರಿ ಇದ್ದರೆ ನೀನು, ನಾನು, ಮೇಲೆ." (ರೇಣುಕಾ ಎಂಬ ಹೆಸರಿನಲ್ಲಿ ಅವನಿಗೆ ಬೇಕಾದದ್ದು ಅಷ್ಟೇ.)

ಅವಳು ಮನೆಗೆ ಬಂದು ಇದನ್ನು ಮೂರು ಸಲ ಹೇಳಿದಳು. ಒಮ್ಮೆ ನನಗೆ. ಒಮ್ಮೆ ಅನಘಾಳಿಗೆ. ಒಮ್ಮೆ ಸುಮ್ಮನೆ, ಪಾತ್ರೆ ಒರೆಸುತ್ತಾ.

ಆಮೇಲೆ ಭಾನುವಾರ ಬಂತು. ಭಾನುವಾರ ನಮಗೆ ಆಯುಧಪೂಜೆ. ಹಬ್ಬ ಪಂಚಾಂಗದಲ್ಲಿ ಯಾವ ದಿನವಾದರೂ ಬರಲಿ, ಲಂಡನ್ನಿನಲ್ಲಿ ಅದು ಭಾನುವಾರವೇ ಬರುತ್ತದೆ.

ಆಯುಧಪೂಜೆಯಲ್ಲಿ ನಾನು ಸ್ವಲ್ಪ ಧಾರಾಳಿ. ಹೋಟೆಲಿನಲ್ಲಿದ್ದಾಗ ಗ್ರೈಂಡರಿಗೆ, ದೋಸೆ ಕಲ್ಲಿಗೆ, ಸೌಟಿಗೆ, ಫ್ರೀಜರಿಗೆ ಎಲ್ಲಕ್ಕೂ ಕುಂಕುಮ ಹಚ್ಚುತ್ತಿದ್ದವನು. ಒಮ್ಮೆ ಸ್ಮೋಕ್ ಅಲಾರಮ್ಮಿಗೂ ಹಚ್ಚಿದ್ದೆ. ಅದೂ ಕೆಲಸ ಮಾಡುತ್ತದಲ್ಲ? ಮನೆಯಲ್ಲಿ ಚಾಕು, ಕುಕ್ಕರು, ಹೊಲಿಗೆ ಕತ್ತರಿ, ಅನಘಾಳ ಲ್ಯಾಪ್‌ಟಾಪು ("ಅಪ್ಪಾ, ನಾಟ್ ಆನ್ ದ ಕೀಬೋರ್ಡ್!"). ಈ ವರ್ಷ ಮೊದಲ ಸಲ ಮನೆಯಲ್ಲಿ ನಿಜವಾದ ಆಯುಧಗಳಿದ್ದವು. ಇಲ್ಲಿಯವರೆಗೆ ನಾವು ಮಾಡಿದ್ದೆಲ್ಲ ರಿಹರ್ಸಲ್ ಅನ್ನಿಸಿತು.

ರೇಣುಕಾಳ ಸಲಕರಣೆಗಳ ಕಿಟ್ ಚೀಲ ದಿನಾ ಅವಳ ಜೊತೆ ಮನೆಗೆ ಬರುತ್ತದೆ. ಅದನ್ನು ಅವಳು ಬಾಗಿಲ ಬಳಿ ಇಡುತ್ತಾಳೆ. ಯಾರೂ ಮುಟ್ಟಬಾರದು ಎಂದು ಮೊದಲ ದಿನವೇ ಹೇಳಿದ್ದಳು. ಅವಳು ಮಧ್ಯಾಹ್ನ ಹೋಳಿಗೆ ಊಟ ಮಾಡಿ ಮಲಗಿದ್ದಳು. ನಾನು ಚೀಲ ತೆರೆದೆ.

ಸುತ್ತಿಗೆಗೆ ಕುಂಕುಮ. ಹೆಲ್ಮೆಟ್ಟಿಗೆ ಕುಂಕುಮ. ಒಂದು ತುದಿ ಸ್ಪ್ಯಾನರ್, ಇನ್ನೊಂದು ತುದಿ ದಬ್ಬಳದ ಹಾಗೆ ಚೂಪಾಗಿರುವ ಒಂದು ಸಲಕರಣೆ ಇದೆ, ತೂತಿಗೆ ತೂತು ಕೂಡಿಸುವುದು ಅದರಿಂದಲೇ. ಅದಕ್ಕೆ ಎರಡು ಬೊಟ್ಟು. ಕೆಳಗೆ ಹಾರ್ನೆಸ್ ಇತ್ತು. ಭುಜ, ಎದೆ, ತೊಡೆ ಎಲ್ಲ ಸುತ್ತಿ ಬರುವ ಅಗಲ ಪಟ್ಟಿಗಳು. ಬೆನ್ನಿನ ಮೇಲೆ ಒಂದು ಉಕ್ಕಿನ ಬಳೆ. ಎತ್ತರದಲ್ಲಿ ಹಗ್ಗ ಸಿಕ್ಕಿಸುವುದು ಅದಕ್ಕೆ. ಕೈ ಜಾರಿದರೆ, ಕಾಲು ತಪ್ಪಿದರೆ, ಮನುಷ್ಯನನ್ನು ಹಿಡಿದು ನಿಲ್ಲಿಸುವುದು ಆ ಬಳೆ, ಅದರ ಸುತ್ತಲಿನ ಹೊಲಿಗೆ.

ಆ ಹೊಲಿಗೆಯನ್ನು ಬಹಳ ಹೊತ್ತು ನೋಡಿದೆ. ಹತ್ತಿಪ್ಪತ್ತು ಸಾಲು ದಾರ. ಇಷ್ಟೇ.

ಒಣ ಕುಂಕುಮ ಪಟ್ಟಿಯ ಮೇಲೆ ನಿಲ್ಲಲಿಲ್ಲ, ಉದುರಿತು. ಅಡುಗೆಯವನ ಬುದ್ಧಿ ನೋಡಿ: ಬಟ್ಟಲಿಗೆ ನಾಲ್ಕು ಹನಿ ತೆಂಗಿನೆಣ್ಣೆ ಹಾಕಿ ಕಲಸಿದೆ. ಚೆನ್ನಾಗಿ ಹಿಡಿಯಿತು. ಎದೆಯ ಪಟ್ಟಿಗೆ ಒಂದು ಹಚ್ಚಿದೆ. ಬೆನ್ನಿನ ಬಳೆಯ ಹೊಲಿಗೆಗೆ, ಬೆರಳಿನಿಂದ ಒತ್ತಿ ಒತ್ತಿ, ದೊಡ್ಡದಾಗಿ. ಜೀವ ನೇತಾಡುವುದು ಎಲ್ಲಿಯೋ ಅಲ್ಲೇ ತಾನೇ ದೇವರು ಇರಬೇಕಾದದ್ದು? ಸುತ್ತಿಗೆ, ಸ್ಪ್ಯಾನರು ಒರೆಸಿದೆ. ಹಾರ್ನೆಸ್ ಒರೆಸಲಿಲ್ಲ. ಮೊದಲಿದ್ದ ಹಾಗೇ ಮಡಚಿ ಇಟ್ಟೆ. ಅವಳು ಎದ್ದಾಗ ಚಹಾ ಕೊಟ್ಟೆ. ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಎಂಟೂವರೆಗೆ, ನಾನು ಕ್ಯಾರೆಟ್ ಹೆಚ್ಚುತ್ತಿದ್ದಾಗ ಮೆಸೇಜ್ ಬಂತು. "ಇವತ್ತ ಮ್ಯಾಲ ಹೋಗೂದಿಲ್ಲ."

ಇಲ್ಲೊಂದು ಮಾತು ನಿಮಗೆ ಹೇಳಬೇಕು. ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದ ಮಾತು. ಆ ಮೆಸೇಜ್ ಓದಿದಾಗ ನನಗೆ ಮೊದಲು ಆದದ್ದು ಬೇಸರವಲ್ಲ, ಖುಷಿ. ಮೈಯೆಲ್ಲ ಹಗುರಾಯಿತು. ಪಕ್ಕದಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಾಕೆ "ಗುಡ್ ನ್ಯೂಸ್?" ಎಂದು ಕೇಳಿದಳು. ನಾನು "ಯೆಸ್" ಎಂದೆ.

ಸಂಜೆ ರೇಣುಕಾ ಬೂಟು ಬಿಚ್ಚದೆ ಅಡುಗೆಮನೆಗೆ ಬಂದಳು. ಈ ಎಂಟು ತಿಂಗಳಲ್ಲಿ ಹಾಗೆ ಬಂದದ್ದು ಅದೇ ಮೊದಲು. ಚೀಲದಿಂದ ಹಾರ್ನೆಸ್ ತೆಗೆದು ಟೇಬಲ್ಲಿನ ಮೇಲೆ ಹಾಕಿದಳು. ಅದು ಎರಡು ತುಂಡಾಗಿತ್ತು. ಕತ್ತರಿಸಿದ ಜಾಗ ನೇರವಾಗಿ, ಚೊಕ್ಕಟವಾಗಿ ಇತ್ತು. ಎಣ್ಣೆಯ ಕಲೆ ಅರ್ಧ ಆ ತುಂಡಿನಲ್ಲಿ, ಅರ್ಧ ಈ ತುಂಡಿನಲ್ಲಿ.

"ಯಾವಾಗ ಹಚ್ಚಿದ್ರಿ?"

"ನಿನ್ನೆ. ನೀನು ಮಲಗಿದ್ದೆ. ಪೂಜೆಗೆ ಅಂತ…"

ಅಷ್ಟರಲ್ಲಿ ಅನಘಾ ಮೆಟ್ಟಿಲಿಳಿದು ಬಂದಳು. ಟೇಬಲ್ ನೋಡಿದಳು. ನನ್ನನ್ನು ನೋಡಿದಳು. "ಅಪ್ಪಾ. ಯು ಪುಟ್ ಆಯಿಲ್ ಆನ್ ಹರ್ ಸೇಫ್ಟಿ ಗೇರ್?" ಎಂದಳು. ಆ ಧ್ವನಿ ಕೇಳಿ ನನಗೆ ನಮ್ಮ ಹೆಡ್‌ಮಾಸ್ಟರು ನೆನಪಾದರು.

ನಡೆದದ್ದು ಇಷ್ಟು. ಹಾರ್ನೆಸ್ ಹಾಕಿಕೊಳ್ಳುವ ಮೊದಲು ಹಾಕಿಕೊಳ್ಳುವವರೇ ಅದನ್ನು ಪರೀಕ್ಷಿಸಬೇಕು. ಪ್ರತಿ ಸಲ. ಪಟ್ಟಿಯನ್ನು ಬೆರಳುಗಳ ನಡುವೆ ಎಳೆಯುತ್ತ, ಬಗ್ಗಿಸಿ ನೋಡುತ್ತ, ಇಂಚಿಂಚಾಗಿ. ಸೋಮವಾರ ರೇಣುಕಾ ಹಾಗೆ ನೋಡುವಾಗ ಬೆನ್ನಿನ ಬಳೆಯ ಬಳಿ ಬೆರಳು ಜಾರಿತು. ತಿರುಗಿಸಿ ನೋಡಿದಳು. ಕೆಂಪು. ಮೂಗಿನ ಹತ್ತಿರ ಹಿಡಿದಳು.

"ವಾಸನಿ ಬಂದ ಕೂಡ್ಲೆ ಗೊತ್ತಾತು. ಸೈಟಿನ್ಯಾಗ ಯಾರ ಹಂತೇಕ ತೆಂಗಿನೆಣ್ಣಿ ಇರತೈತ್ರಿ?"

ಆಗ ಅವಳ ಸುತ್ತ ಯಾರೂ ಇರಲಿಲ್ಲ. ಕ್ರೇನು ಶುರುವಾಗಿತ್ತು. ಡೆಕ್ಲನ್ ಮೇಲೆ ಹೋಗುವ ಬುಟ್ಟಿಯ ಬಳಿ ಕಾಯುತ್ತಿದ್ದ. ಎಂಟು ತಿಂಗಳು ಕಾದ ದಿನ. ತೋಳಿನಿಂದ ಒಮ್ಮೆ ಒರೆಸಿ ತೊಟ್ಟುಕೊಂಡು ಹೋಗಿದ್ದರೆ ಯಾರಿಗೆ ಕಾಣುತ್ತಿತ್ತು? ಬೆನ್ನಿನ ಮೇಲಿನ ಕಲೆ!

ಅವಳು ಹಾರ್ನೆಸ್ ಕೈಯಲ್ಲಿ ಹಿಡಿದುಕೊಂಡು ಹೋಗಿ ಡೆಕ್ಲನ್‌ಗೆ ತೋರಿಸಿದಳು.

ಅವನು ಬೈಯಲಿಲ್ಲವಂತೆ. ಕನ್ನಡಕ ಹಾಕಿಕೊಂಡು ನೋಡಿದ. ಏನಿದು ಎಂದು ಕೇಳಿದ. ಇವಳು ಹೇಳಿದಳು. ಅವನು ಕನ್ನಡಕ ತೆಗೆದು, "ನಮ್ಮಮ್ಮ ನನ್ನ ಕೋಟಿನ ಒಳಗೆ ಒಬ್ಬ ಸಂತನ ಪದಕ ಹೊಲಿದುಕೊಟ್ಟಿದ್ದಳು. ಕೋಟಿನಲ್ಲಿ, ರೆನ್. ಹಾರ್ನೆಸ್ಸಿನ ಮೇಲಲ್ಲ" ಎಂದ. "ಎಣ್ಣೆಯೂ ಬಣ್ಣವೂ ಆ ದಾರಕ್ಕೆ ಏನು ಮಾಡುತ್ತವೋ ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಕಟ್ಟಿಕೊಂಡು ನನ್ನ ಜನ ಯಾರೂ ಮೇಲೆ ಹೋಗುವುದಿಲ್ಲ" ಎಂದ. ಇನ್ಯಾರೂ ತಪ್ಪಿ ಬಳಸದ ಹಾಗೆ ಅಲ್ಲೇ ಚಾಕು ತೆಗೆದು ಕತ್ತರಿಸಿದ. ಇವಳ ಅಳತೆಯ ಇನ್ನೊಂದು ಹಾರ್ನೆಸ್ ಸೈಟಿನಲ್ಲಿ ಇರಲಿಲ್ಲ. ತರಿಸಬೇಕು. ಇವಳ ಜಾಗದಲ್ಲಿ ಮಾರಿಯುಸ್ ಎಂಬ ಹಳೆಯ ಕೆಲಸಗಾರ ಮೇಲೆ ಹೋದ. ಇವಳು ದಿನವಿಡೀ ಬೋಲ್ಟ್ ವಿಂಗಡಿಸಿದಳು.

"ಪೂಜಿ ಮಾಡಿದ್ದಕ್ಕ ಸಿಟ್ಟಿಲ್ಲ" ಎಂದಳು ರೇಣುಕಾ. ಕುರ್ಚಿ ಎಳೆದು ಕುಳಿತಳು. "ಒಂದ ಮಾತ ಕೇಳ್ತೀನಿ. ಖರೇ ಹೇಳ್ರಿ. ನಾ ಮ್ಯಾಲ ಹೋಗೂದು ನಿಮಗ ಬ್ಯಾಡಾಗಿತ್ತೇನು?"

"ಅದಕ್ಕೆ ಬೇಕಂತ ಮಾಡಿದೆ ಅಂದ್ಕೊಂಡ್ಯಾ?"

"ನಾ ಏನ ಅಂದ್ಕೊಂಡೆ ಅಂತಲ್ಲ. ನೀವ ಏನ ಅಂದ್ಕೊಂಡಿದ್ರಿ, ಅದನ್ನ ಹೇಳ್ರಿ."

ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಎದ್ದು ಹೋಗಿ ಆರಿಸಿದೆ. ಆರಿಸಿದ ಮೇಲೂ ಅಲ್ಲೇ ನಿಂತೆ. ಗೋಡೆ ನೋಡಿಕೊಂಡು ಹೇಳಿದೆ. "ಮೆಸೇಜ್ ನೋಡಿ ಖುಷಿಯಾಯ್ತು ನಂಗೆ. ಬೇಕಂತ ಮಾಡಿದ್ದಲ್ಲ, ದೇವರಾಣೆ. ಆದ್ರೆ ಖುಷಿಯಾಯ್ತು. ನಂಗೆ ಹೆದರಿಕೆ ರೇಣು. ಮೊದಲ ದಿನದಿಂದ್ಲೂ ಹೆದರಿಕೆ."

ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಮಾತು ಮೆಲ್ಲಗೆ ಬಂತು.

"ಎಂಟ ತಿಂಗಳಾತು. ರೊಟ್ಟಿ ಕಟ್ಟಿ ಕೊಟ್ರಿ. ಕಾಲ ತಿಕ್ಕಿದ್ರಿ. ಸಾಕ್ಸ್ ರೇಡಿಯೇಟರ್ ಮ್ಯಾಲ ಬೆಚ್ಚಗ ಮಾಡಿ ಇಟ್ರಿ. ಆದ್ರ ಅಂಜಿಕಿ ಆಗತೈತಿ ಅಂತ ಒಂದ ಸರ್ತಿ ಬಾಯಿ ಬಿಡಲಿಲ್ಲಲ್ರೀ. ನಾ ಅಂದ್ಕೊಂಡೆ, ಈ ಮನ್ಯಾಗ ಅಂಜಿಕಿ ನನಗೊಬ್ಬಾಕಿಗೇ ಐತಿ ಅಂತ."

ನನಗೆ ಇದು ಹೊಳೆದೇ ಇರಲಿಲ್ಲ. ನಿಮಗೆ ಹೊಳೆದಿತ್ತೇ? ಅವಳು ಬೇಲಿಯ ಬಳಿ ನಿಂತು ಕನಸು ಕಂಡವಳು, ಅವಳಿಗೆಲ್ಲಿಯ ಭಯ ಎಂದು ನಾನು. ಇವರು ಕಲ್ಲಿನ ಹಾಗೆ ಗಟ್ಟಿ ನಿಂತಿದ್ದಾರೆ, ಇವರ ಮುಂದೆ ಅಂಜಿಕೆ ತೋರಿಸಬಾರದು ಎಂದು ಅವಳು. ಒಂದೇ ಹಾಸಿಗೆಯಲ್ಲಿ ಇಬ್ಬರೂ ಎಂಟು ತಿಂಗಳು ಧೈರ್ಯವಂತರ ಹಾಗೆ ಮಲಗಿದ್ದೆವು.

ಮನೆಯಿಂದ ಹೊರಡುವವರಿಗೆ ನಾವು "ಹುಷಾರು" ಎನ್ನುತ್ತೇವೆ. "ತಲುಪಿದ ಮೇಲೆ ಮೆಸೇಜ್ ಮಾಡು" ಎನ್ನುತ್ತೇವೆ. ಇನ್ನೊಂದು ರೊಟ್ಟಿ ಹಾಕುತ್ತೇವೆ. ಕುಂಕುಮ ಹಚ್ಚುತ್ತೇವೆ. "ನನಗೆ ಭಯವಾಗುತ್ತಿದೆ" ಎಂಬ ಎರಡು ಪದ ಮಾತ್ರ ಹೇಳುವುದಿಲ್ಲ. ಯಾಕೆ? ಹೇಳಿದರೆ ತಡೆದ ಹಾಗೆ ಎಂದೇ? ಹೇಳದೆಯೂ ತಡೆದೆನಲ್ಲ ನಾನು, ನಾಲ್ಕು ಹನಿ ಎಣ್ಣೆಯಲ್ಲಿ!

ಮಂಗಳವಾರ ಮನೆ ಸ್ವಲ್ಪ ಮೌನವಾಗಿತ್ತು. ಜಗಳದ ಮೌನವಲ್ಲ, ಜ್ವರ ಬಿಟ್ಟ ಮೇಲಿನ ಮೌನ. ಸಂಜೆ ಡಬ್ಬಿ ತೆರೆದೆ. ರೊಟ್ಟಿ ಪೂರ್ತಿ ಖಾಲಿ. ಅದನ್ನು ಒಳ್ಳೆಯ ಸೂಚನೆ ಎಂದುಕೊಂಡೆ. ಬುಧವಾರ ಸಂಜೆ ಅವಳು ಹೊಸ ಹಾರ್ನೆಸ್ ತಂದಳು. ಇನ್ನೂ ಪ್ಲಾಸ್ಟಿಕ್ ವಾಸನೆ. ಅದನ್ನು ಟೇಬಲ್ಲಿನ ಮೇಲೆ ಹರಡಿ ನನ್ನನ್ನು ಕರೆದಳು.

"ಇಲ್ಲಿ ಬರ್ರಿ. ಮೊದಲ ಕೈ ತೊಳ್ಕೊಂಡ ಬರ್ರಿ. ಸೋಪ್ ಹಚ್ಚಿ. ಒರಸ್ಕೊಂಡ ಬರ್ರಿ."

ದೇವರ ಕೋಣೆಗೆ ಹೋಗುವ ಮೊದಲು ಅಮ್ಮ ಹೀಗೆ ಹೇಳುತ್ತಿದ್ದಳು. ಹೇಳಿದ ಹಾಗೆ ಮಾಡಿಕೊಂಡು ಬಂದೆ. ಅಂಗೈ ಎರಡೂ ತೋರಿಸಿದೆ. ಅವಳು ಪರೀಕ್ಷಿಸಿ, "ಕೂಡ್ರಿ" ಎಂದಳು.

ಪಟ್ಟಿಯ ಒಂದು ತುದಿಯನ್ನು ನನ್ನ ಕೈಗಿಟ್ಟಳು. "ಹಿಂಗ ಬಗ್ಗಿಸ್ರಿ. ಅಂಚ ಹರದೈತೇನ ನೋಡ್ರಿ. ಈಗ ಹೊಲಿಗಿ. ಒಂದ ದಾರ ಎದ್ದಿದ್ರೂ ಹೇಳ್ರಿ. ಈಗ ತಿರುವ್ರಿ." ನಾನು ಇಂಚಿಂಚಾಗಿ ಸರಿಸುತ್ತ ಹೋದೆ. ಮೂವತ್ತು ವರ್ಷ ಅಕ್ಕಿಯಲ್ಲಿ ಕಲ್ಲು ಆರಿಸಿದ ಬೆರಳು ಇದು. ಎಲ್ಲಿ ದಪ್ಪ, ಎಲ್ಲಿ ಒರಟು ಎಂದು ಅದಕ್ಕೆ ತಾನೇ ತಿಳಿಯುತ್ತದೆ. ಬೆನ್ನಿನ ಬಳೆಯ ಬಳಿ ಬಂದಾಗ ಕೈ ನಿಂತಿತು.

"ಅಲ್ಲೇನ ಐತಿ?"

"ಎಂತದಿಲ್ಲ. ಚೆನ್ನಾಗಿದೆ. ಒಟ್ಟು ಎಷ್ಟು ಭಾರ ತಡೀತದೆ ಇದು?"

"ನನ್ನಂಥಾವ್ರು ಇಪ್ಪತ್ತ ಮಂದಿ ಜೋತಾಡಬಹುದು ಅಂತ ಕಾಲೇಜಿನ್ಯಾಗ ಹೇಳ್ಯಾರ."

ಇದು ನನಗೆ ಯಾಕೆ ಗೊತ್ತಿರಲಿಲ್ಲ? ಕೇಳಿದ್ದರೆ ತಾನೇ ಗೊತ್ತಾಗುವುದು.

ನಾನು ಮುಗಿಸಿದ ಮೇಲೆ ಅವಳು ಅದನ್ನು ತೆಗೆದುಕೊಂಡು ಇನ್ನೊಮ್ಮೆ ಮೊದಲಿನಿಂದ ಪರೀಕ್ಷಿಸಿದಳು. ನನ್ನ ಮೇಲೆ ನಂಬಿಕೆ ಇಲ್ಲದೆ ಅಲ್ಲ. ನಿಯಮ ಹಾಗಿದೆ: ತೊಟ್ಟುಕೊಳ್ಳುವವರೇ ನೋಡಬೇಕು. ನಾಳೆ ಬೆಳಿಗ್ಗೆ ಸೈಟಿನಲ್ಲಿ ಮತ್ತೊಮ್ಮೆ ನೋಡುತ್ತಾಳೆ. ನಾನು ನೋಡಿದ್ದು ಹಾರ್ನೆಸ್ಸಿಗೆ ಬೇಕಾಗಿರಲಿಲ್ಲ. ನನಗೆ ಬೇಕಾಗಿತ್ತು. ಅದು ಅವಳಿಗೆ ಗೊತ್ತಿತ್ತು.

ಹೀಗೆ ಗುರುವಾರ ಬಂತು. ಗಾಳಿ ಇರಲಿಲ್ಲ. ಬೆಳಿಗ್ಗೆ ಬಾಗಿಲಲ್ಲಿ ಅವಳು ಬೂಟಿನ ದಾರ ಕಟ್ಟುವಾಗ ನಾನು ಅಭ್ಯಾಸಬಲದಿಂದ "ಹುಷಾ…" ಎಂದು ಶುರು ಮಾಡಿ ನಿಲ್ಲಿಸಿದೆ. "ಹೆದರಿಕೆ ಆಗ್ತಿದೆ" ಎಂದೆ.

"ನನಗೂ" ಎಂದಳು. "ಡಬ್ಬಿ ಕೊಡ್ರಿ."

ಕೆಲಸ ಮುಗಿಸಿ ನಾನು ಮನೆಗೆ ಹೋಗುವ ಬಸ್ ಹತ್ತಲಿಲ್ಲ. ಕಾಲುವೆಯ ಸೇತುವೆಗೆ ಹೋದೆ. ಅಲ್ಲಿಂದ ಕಟ್ಟಡದ ಚೌಕಟ್ಟು ಪೂರ್ತಿ ಕಾಣುತ್ತದೆ. ಕಿತ್ತಳೆ ಬಣ್ಣದ ಅಂಗಿ ತೊಟ್ಟ ಒಂದು ಚಿಕ್ಕ ಆಕೃತಿ, ಯಂತ್ರದ ಬುಟ್ಟಿಯಲ್ಲಿ, ಎಲ್ಲಕ್ಕಿಂತ ಮೇಲೆ. ಕ್ರೇನು ತಂದ ತೊಲೆಯನ್ನು ಕೈಚಾಚಿ ಹಿಡಿಯಿತು. ಸ್ಪ್ಯಾನರಿನ ಚೂಪು ತುದಿ ತೂತಿಗೆ ತೂರಿಸಿ ಮೀಟಿತು. ತೊಲೆ ಮೆಲ್ಲಗೆ ಬಂದು ಕೂತಿತು.

ನನ್ನ ಕಣ್ಣು ತುಂಬಿತು. ಗ್ರಿಲ್ಲಿನ ಅಂಗಡಿಯಲ್ಲಿ ಕಸಬರಿಗೆ ಹಿಡಿದಿದ್ದ ಹುಡುಗಿ! ಕಂಬಿ ಹಿಡಿದು ನಿಂತು, ಪ್ರತಿ ಬೋಲ್ಟಿಗೂ ಉಸಿರು ಬಿಗಿಹಿಡಿದೆ, ಪ್ರತಿ ಬೋಲ್ಟಿಗೂ ಬಿಟ್ಟೆ. ನನಗೆ ಬರುವ ಶ್ಲೋಕಗಳೆಲ್ಲ ಮುಗಿದು ಮಗ್ಗಿಗೆ ಬಂದಿದ್ದೆ. ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ನಿಂತು, "ಆರ್ ಯು ಆಲ್‌ರೈಟ್, ಮೇಟ್?" ಎಂದು ಕೇಳಿದ. "ಮೈ ವೈಫ್" ಎಂದು ಮೇಲೆ ತೋರಿಸಿದೆ. ಅವನೂ ನೋಡಿದ. "ಬ್ಲೈಮಿ" ಎಂದು ಹುಬ್ಬೇರಿಸಿ ಹೋದ.

ಸಂಜೆ ಐದಕ್ಕೆ ರೇಣುಕಾ ಬಂದಳು. ಬೂಟು ಬಾಗಿಲಲ್ಲೇ ಬಿಚ್ಚಿದಳು. ನಾನು ಓಡಿ ಹೋಗಿ, "ನೋಡಿದೆ ನಿನ್ನ! ಸೇತುವೆಯಿಂದ! ಮೂರು ಗಂಟೆಗೆ, ಆ ಕೊನೇ ತೊಲೆ ಎಷ್ಟು ಚಂದ ಕೂರಿಸಿದೆ!" ಎಂದೆ.

ಅವಳು ನನ್ನನ್ನೇ ನೋಡಿದಳು. ತುಟಿ ಬಿಗಿಹಿಡಿದಳು. ಹಿಡಿಯಲಾಗದೆ ಗೋಡೆಗೊರಗಿ ನಕ್ಕಳು.

"ಮೂರಕ್ಕ ನಾ ಎಲ್ಲಿದ್ನಿರೀ ಮ್ಯಾಲ? ಹತ್ತಕ್ಕ ಹತ್ತಿ ಎರಡಕ್ಕ ಇಳದೇನಿ. ಆರ ತೊಲಿ ಕೂಡಿಸೇನಿ. ಮೂರಕ್ಕ ಮ್ಯಾಲ ಇದ್ದಾಂವ ಮಾರಿಯುಸ್!"

"ಮಾ…ರಿಯುಸ್?"

"ಗಡ್ಡದಾಂವ. ನಾ ಕೆಳಗ ಸರಪಳಿ ಹಿಡ್ಕೊಂಡ ನಿಂತ ನಿಮ್ಮನ್ನ ನೋಡಾಕತ್ತಿದ್ದೆ. ಕೈ ಬೀಸಿದ್ರೂ ನಿಮ್ಮ ಲಕ್ಷ್ಯ ಇಲ್ಲ. ಡೆಕ್ಲನ್ ಕೇಳಿದ, ಸೇತುವಿ ಮ್ಯಾಲ ಯಾರ ಅವ್ರು, ಬೀಳ್ತಾರೇನ ಅಂತ. ಅಷ್ಟ ಬಗ್ಗಿ ನಿಂತಿದ್ರಿ ನೀವು. ಹಾರ್ನೆಸ್ ನಿಮಗ ಬೇಕಾಗಿತ್ತು."

ಅನಘಾ ಸೋಫಾದಿಂದ ಬಿದ್ದು ನಗುತ್ತಿದ್ದಳು. "ಅಪ್ಪಾ ಕ್ರೈಡ್ ಫಾರ್ ಮಾರಿಯುಸ್!"

ನಗಲಿ. ಆದರೆ ಇಡ್ಲಿ ಹಿಟ್ಟು ರುಬ್ಬುವಾಗ ಯೋಚಿಸಿದೆ. ಮಾರಿಯುಸ್‌ಗೆ ರೊಮೇನಿಯಾದಲ್ಲಿ ಹೆಂಡತಿ, ಇಬ್ಬರು ಮಕ್ಕಳು ಇದ್ದಾರಂತೆ. ಅವಳು ಇಲ್ಲಿಯ ಸೇತುವೆ ಮೇಲೆ ನಿಲ್ಲಲಾರಳು. ಇಪ್ಪತ್ತು ನಿಮಿಷ ಅವಳ ಬದಲು ನಾನು ನಿಂತೆ. ನನ್ನ ಶ್ಲೋಕಗಳು ವ್ಯರ್ಥವಾಗಲಿಲ್ಲ, ವಿಳಾಸ ಬೇರೆಯಾಯಿತು, ಅಷ್ಟೇ. ಇಪ್ಪತ್ತೆರಡು ವರ್ಷ ಈ ಊರಿನಲ್ಲಿ ಕ್ರೇನುಗಳ ಕೆಳಗೆ ಓಡಾಡಿದ್ದೇನೆ. ತಲೆ ಎತ್ತಿ ನೋಡಿದ್ದು ಇದೇ ಮೊದಲು.

ಊಟಕ್ಕೆ ಮೊದಲು ರೇಣುಕಾ ತನ್ನ ಪುಸ್ತಕ ತಂದು ತೋರಿಸಿದಳು. 'ಎತ್ತರದಲ್ಲಿ ಕೆಲಸ' ಪುಟ. ತೊಲೆ ಕೂಡಿಸಿದ್ದಕ್ಕೆ ಇವತ್ತಿನ ಸಹಿ. ಅದರ ಮೇಲಿನ ಖಾನೆಯಲ್ಲಿ, ಇನ್ನೊಂದು ಸಹಿ, ಸೋಮವಾರದ್ದು. ನಾನು ಕನ್ನಡಕ ಹಾಕಿಕೊಂಡು ಓದಿದೆ. ಹಾರ್ನೆಸ್ ಪರೀಕ್ಷೆ: ದೋಷ ತಾನೇ ಕಂಡುಹಿಡಿದು, ತಾನೇ ತಿಳಿಸಿದ್ದಾಳೆ. ಕೆಳಗೆ ಡೆಕ್ಲನ್‌ನ ಕಾಗೆ ಕಾಲು ಸಹಿ. ಆ ಪುಟದ ಮೊಟ್ಟಮೊದಲ ಸಹಿ ಅವಳಿಗೆ ಸಿಕ್ಕಿದ್ದು ಮೇಲೆ ಹೋಗಿದ್ದಕ್ಕಲ್ಲ, ಮೇಲೆ ಹೋಗದೆ ನಿಂತದ್ದಕ್ಕೆ.

"ಸೋಮವಾರನೇ ಯಾಕೆ ತೋರಿಸಲಿಲ್ಲ?"

"ತೋರಿಸಿದ್ರ ನೀವ ನಿಮ್ಮ ಕುಂಕುಮದ ಮಹಿಮಾ ಅಂತಿದ್ರಿ."

ಅನ್ನುತ್ತಿದ್ದೆ. ಖಂಡಿತ ಅನ್ನುತ್ತಿದ್ದೆ.

ರಾತ್ರಿ ಊಟಕ್ಕೆ ಅನ್ನ, ಬಸಳೆ ಸೊಪ್ಪಿನ ಹುಳಿ, ಹಪ್ಪಳ, ಭಾನುವಾರದ್ದು ಉಳಿದಿದ್ದ ಎರಡು ಹೋಳಿಗೆ. ಒಂದನ್ನು ಅನಘಾ ತಿಂದಳು. ಇನ್ನೊಂದನ್ನು ಫಾಯಿಲ್‌ನಲ್ಲಿ ಸುತ್ತಿ ನಾಳೆಯ ಡಬ್ಬಿಯ ಪಕ್ಕ ಇಟ್ಟೆ, ಮಾರಿಯುಸ್‌ಗೆ. ಮೊದಲು ಮಲಗಿದವಳು ರೇಣುಕಾ, ಎಂಟೂ ಹತ್ತಕ್ಕೆ, ಸೋಫಾದ ಮೇಲೆ, ಒಂದು ಕೈಯಲ್ಲಿ ಹಪ್ಪಳದ ತುಂಡು ಹಾಗೇ ಹಿಡಿದುಕೊಂಡು. ಅವಳಿಗೆ ಹೊದಿಸಿ, ಪಾತ್ರೆ ತೊಳೆದು, ದೀಪ ಆರಿಸಲು ಬಾಗಿಲ ಬಳಿ ಹೋದೆ. ಕಿಟ್ ಚೀಲ ಅಲ್ಲೇ ಇತ್ತು, ಜಿಪ್ ಅರ್ಧ ತೆರೆದು.

ಮುಟ್ಟಲಿಲ್ಲ.